ಸೋಪೊ ಚೀಟಿ

ಶುಕ್ರವಾರ. ಮಾಪುಸಾ ಸಂತೆ.
ಕೊರಳಿಗೆ ಚರ್ಮದ ಚೀಲ, ಕಿವಿಗೆ ಸಿಕ್ಕಿಸಿದ ಪೆನ್ನು,
ನಾನು ಸೋಪೊ ವಸೂಲಿಯವನು.
ಸೋಪೊ ಅಂದರೆ ಕೂತ ನೆಲದ ಸುಂಕ.
ಲೋಂಡಾದಲ್ಲಿ ರೈಲು ಹತ್ತಿ ಹತ್ತೊಂಬತ್ತು ವರ್ಷವಾಯಿತು,
ಬೈಗುಳವೆಲ್ಲ ಈಗ ಕೊಂಕಣಿಯಲ್ಲೇ ತಿಳಿಯುತ್ತವೆ,
ಲೆಕ್ಕ ಮಾತ್ರ ಇನ್ನೂ ಕನ್ನಡದಲ್ಲಿ.

ಬಾಳೆಕಾಯಿ ಸಾಲಿನ ತುದಿಗೆ
ಪಿಯದಾದ್ ಬಾಯಿಯ ಗೋಣಿತಾಟು.
ಮೊಯ್ರಾ ಬಾಳೆಯ ಒಂದು ಗೊನೆ.
ಹಳೆಯ ರಮ್ ಬಾಟಲಿಗಳಲ್ಲಿ ಕಳ್ಳಿನ ಹುಳಿ,
ಬಾಯಿಗೆ ಸುತ್ತಿದ ಬಾಳೆಲೆಯ ಬಿರಡೆ.
ಹೊಟ್ಟಿನಲ್ಲಿ ಹೂತಿಟ್ಟ ಹದಿನಾರು ಮೊಟ್ಟೆ.
ಗರಿಕಡ್ಡಿ ಪೊರಕೆ ಆರು, ಇನಾಸ್ ಕೂತು ಕಟ್ಟಿದವು
(ಅವನ ಮಂಡಿ ಈಗ ಮರ ಹತ್ತಲು ಬಿಡುವುದಿಲ್ಲ,
ಹತ್ತುವ ಹುಡುಗ ಅರ್ಧ ಕಳ್ಳು ಒಯ್ಯುತ್ತಾನೆ).
ಮತ್ತೆ ಒಣಗಿದ ಮುರುಗಲ ಸಿಪ್ಪೆ,
ಮುಟ್ಟಿದರೆ ಬೆರಳು ಎರಡು ದಿನ ನೇರಳೆ.

ನಾನು ಬರುವುದು ಕಂಡರೆ ಸಾಕು
ತಾಟಿನ ಅಂಚು ಒಳಗೆ ಮಡಚಿಕೊಳ್ಳುತ್ತದೆ,
ಮಲಗಿದ ಪೊರಕೆ ಎದ್ದು ನಿಲ್ಲುತ್ತವೆ,
ಬಾಟಲಿಗಳು ಮೈಗೆ ಮೈ ಹಚ್ಚುತ್ತವೆ,
ಮಗಳು ಅರ್ಸುಲಾ ಬುಟ್ಟಿಯನ್ನು ತೊಡೆಗೇರಿಸಿ
'ಇದು ನೆಲದ ಮೇಲಿಲ್ಲ' ಅನ್ನುತ್ತಾಳೆ.
'ಮೂರು ಮೊಳ,' ನಾನು.
'ಎರಡೂವರೆ,' ಬಾಯಿ. 'ನಿನ್ನ ಕೈ ಗಿಡ್ಡ.'
ಚೀಟಿ ಹರಿದು ಕೊಟ್ಟು ಹೊರಟ ಮೇಲೆ
ತಾಟು ಮತ್ತೆ ಕಾಲು ಚಾಚುತ್ತದೆ, ಗೊತ್ತು.
ತಿರುಗಿ ನೋಡುವುದಿಲ್ಲ.
ನನ್ನ ಕೈಲಾಗುವ ರಿಯಾಯಿತಿ ಅಷ್ಟೆ.

ಒಂದು ಮಂಗಳವಾರ ಹೆಂಡತಿಯ ಉಪ್ಪಿನಕಾಯಿಗೆ ಹುಳಿ ಸಾಲದೆ ಬಂತು.
ಅಂಗಡಿಯದು ಬೇಡವಂತೆ.
ಕೇಳುತ್ತ ಕೇಳುತ್ತ ಸ್ಕೂಟರ್ ಹೊಡೆದೆ,
ಇಗರ್ಜಿ ದಾಟಿ, ಗದ್ದೆಯ ಏರಿ ದಾಟಿ.
ಹನ್ನೊಂದು ತೆಂಗು. ಬಾವಿಯ ಬೆನ್ನಿಗೆ ಬಾಳೆ.
ಕುತ್ತಿಗೆತನಕ ಮಣ್ಣಲ್ಲಿ ಕೂತ ಹುಳಿಯ ಜಾಡಿ.
ಒಂದೇ ಒಂದು ಮುರುಗಲ ಮರ, ಅದರ ಬುಡದಲ್ಲಿ
ನನ್ನನ್ನು ಒಂದೇ ಕಣ್ಣಲ್ಲಿ ನೋಡುವ ಕೋಳಿ.
ಹಾಳು ಚಾಳಿ, ಕಣ್ಣು ಅಳೆಯತೊಡಗಿತು:
ಬೇಲಿಯಿಂದ ಬೇಲಿಗೆ ಎಷ್ಟು ಮೊಳ, ಮೊಳಕ್ಕೆ ಎಷ್ಟು...
ಅಲ್ಲೇ ಲೆಕ್ಕ ತಪ್ಪಿತು.
ಇಷ್ಟೂ ನೆಲ, ಇಷ್ಟೂ ಬಿಸಿಲು, ಬಾವಿ,
ಇನಾಸನ ಮಂಡಿ,
ಮಡಚಿ ಮಡಚಿ ಒಂದು ತಾಟಿನಷ್ಟಾಗಿ
ಶುಕ್ರವಾರ ಆರೂಕಾಲರ ಬಸ್ಸು ಹತ್ತುತ್ತದೆ.

'ಯಾಕೆ ನಿಂತೆ?' ಬಾಯಿ ಬಂದಳು, ಕೈಯೆಲ್ಲ ಹಿಟ್ಟು.
'ಇದು ನನ್ನ ಅಂಗಳ. ಸೋಪೊ ತೆಗೆ.'
ನಕ್ಕೆ. ಅವಳು ನಗಲಿಲ್ಲ.
ಹತ್ತು ರೂಪಾಯಿ ಕೊಟ್ಟೆ.
ಹಲಸಿನ ಎಲೆಯೊಂದನ್ನು ಕಿತ್ತು
ಪೊರಕೆ ಕಡ್ಡಿಯಿಂದ ಗೀರಿದಳು: ಎರಡು ಪಾದ.
'ಎರಡೂವರೆ ಬರೀಬೇಕಿತ್ತು,' ಒಳಗಿಂದ ಅರ್ಸುಲಾ,
'ಅವನ ಚಪ್ಪಲಿ ದೊಡ್ಡದು.'
ಹುಳಿಗೆ ಪೂರ್ತಿ ಬೆಲೆ ಹಿಡಿದಳು,
ಖಾಲಿ ಬಾಟಲಿ ವಾಪಸು ತರದಿದ್ದರೆ ಐದು ಜಾಸ್ತಿ.

ತಿಂಗಳ ಕೊನೆಗೆ ಸಾಹೇಬರು ಪುಸ್ತಕ ತಿರುವಿದರು.
ನಾಲ್ಕು ಸಾವಿರದ ನಾನ್ನೂರ ಹದಿನೇಳಕ್ಕೂ ಹದಿನೆಂಟಕ್ಕೂ ನಡುವೆ
ಒಣಗಿದ ಎಲೆ,
ಗೀರಿದಲ್ಲಿ ಕಂದು ತಿರುಗಿತ್ತು.
'ಇದೇನು?'
'ಚೀಟಿ ಸಾರ್. ನಾನು ಕೊಟ್ಟದ್ದು.'
ಅವರು ಕನ್ನಡಕ ಏರಿಸಿ ಎಲೆಯನ್ನೂ ನನ್ನನ್ನೂ ನೋಡಿ
ಅದರ ಮೇಲೂ ಒಂದು ಸಣ್ಣ ರುಜು ಹಾಕಿದರು.