ಅರ್ಕಾವತ್ತು

ಸೀನಿಯಾರಿಟಿ ಪಟ್ಟಿ ಅಂಟಿಸಿದ್ದು ಸೋಮವಾರ,
ಗೋಂದು ಇನ್ನೂ ಹಸಿ ಇತ್ತು.
ಬೆರಳಿಟ್ಟು ಕೆಳಗಿಳಿದೆ:
ಏಳು, ಎಂಟು, ಹನ್ನೆರಡು, ಇಪ್ಪತ್ತು.
ಮೂವತ್ತೊಂದರಾಗ ಸಿಕ್ಕಿತು, ಮಹಾನಂದಾ ಎಸ್. ಹಡಪದ.
ನಾನೇ ಡ್ಯೂಟಿ ಕಲಿಸಿದ ಹುಡುಗ
ಆರನೇ ನಂಬರಿನಾಗ ಕೂತು ಪೇಢಾ ಹಂಚಿದ.
ತಿಂದೆ. ಛಲೋನೇ ಇತ್ತು.

ಆಮ್ಯಾಲ ಮೈಕಿನ ಮುಂದ ಕೂತೆ.
ಆಳಂದ ಬಸ್ಸು ನಾಲ್ಕನೇ ಅಂಕಣ,
ಸೇಡಂ ಬಸ್ಸು ನಲವತ್ತು ನಿಮಿಷ ತಡ,
ಬೈಗುಳ ಮಾತ್ರ ಬರೋಬ್ಬರಿ ಟೈಮಿಗೆ.
ಜಾಲರಿ ಕಿಡಕಿಯೊಳಗ ಕೈ ತೂರಿಸಿ ಒಬ್ಬಾಕಿ ಕೇಳಿದಳು,
‘ಅಕ್ಕಾ, ನನ್ನ ಬಸ್ಸು ಬರ್ತದೋ ಇಲ್ಲೋ ಖರೇ ಹೇಳು.’
ನನಗೇನು ಗೊತ್ತವ್ವಾ.

ನಿದ್ದಿಯೊಳಗ ಹಲ್ಲು ಕಡೀತಿದ್ದೆನಂತ.
ನಡುರಾತ್ರಿ ಎದ್ದು ಕೂತು
‘ಪ್ರಯಾಣಿಕರ ಗಮನಕ್ಕೆ’ ಅಂದೆನಂತ.
ಮಗಳು ನಕ್ಕಳು. ಎರಡನೇ ಸಲ ನಗಲಿಲ್ಲ.
ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಊದಿ, ಬಿಟ್ಟು,
ಬಿಳಿ ಗುಳಿಗಿ ಬರೆದು ಕೊಟ್ಟರು.
‘ಟೆನ್ಷನ್ ತೊಗೋಬ್ಯಾಡ್ರಿ.’
ತೊಗೊಂಡಿಲ್ರೀ, ಕೊಟ್ಟಾರ.

ವರ್ಕ್‌ಶಾಪಿನ ಹಿಂದ, ಸವೆದ ಟೈರುಗಳ ಆಚೆ
ತಗಡಿನ ಶೆಡ್ಡು, ಮಕಬೂಲಸಾಬರದು.
ಮೂವತ್ತು ವರ್ಷ ಬಸ್ಸಿನ ಬೋರ್ಡು ಬರೆದ ಕೈ.
ಈಗ ಊರ ಹೆಸರು ಕೆಂಪು ದೀಪದಾಗ ಓಡ್ತಾವ,
ಅವರ ಪಾಲಿಗೆ ಸೀಟಿನ ನಂಬರಷ್ಟೇ ಉಳಿದಾವ.
ಕಾಗದಕ್ಕ ಸಹಿ ಮಾಡಿಸಲಿಕ್ಕ ಹೋದಾಕಿ
ಟರ್ಪೆಂಟೈನ್ ವಾಸನಿಗೆ ನಿಂತುಬಿಟ್ಟೆ.
ಹಳೆ ಹಲಗಿ ಮ್ಯಾಲ ಅವರು ಆಳಂದ ಬರೀತಿದ್ದರು,
ಸುಮ್ಮನ, ಯಾವ ಬಸ್ಸಿಗೂ ಬ್ಯಾಡಾದ ಆಳಂದ,
‘ಳ’ದ ಹೊಟ್ಟಿ ಹಂಗ ತುಂಬಿಕೋತ ಬಂತು.

‘ಒಂದು ಕುಂಚ ಕೊಡ್ರಿ’ ಅಂದೆ.
ಯಾಕ ಅಂದೆನೋ.

ಡ್ಯೂಟಿ ಮುಗಿದ ಮ್ಯಾಲ ದಿನಾ ಒಂದು ತಾಸು.
ಮೊದಲ ತಿಂಗಳು ಬರೇ ಸೊನ್ನಿ.
ನನ್ನವು ಬದನಿಕಾಯಿ ಆದವು, ಹರಿದ ರೊಟ್ಟಿ ಆದವು.
‘ಉಸಿರು ಹಿಡೀಬ್ಯಾಡ ಬೇಟಿ, ಗೆರಿ ನಡುಗ್ತದ.
ಬಿಡ್ಕೋತ ಎಳಿ.’
ಹನ್ನೊಂದು ವರ್ಷದಿಂದ ಹಿಡಿದದ್ದು, ಚಾಚಾ,
ಒಂದು ಸೊನ್ನಿಯೊಳಗ ಹ್ಯಾಂಗ ಬಿಡಲಿ?
ಶ್ರಾವಣ ಹತ್ತಿದ ಮ್ಯಾಲ ಒಂದು ದುಂಡಗಾಯ್ತು.
ಒಂದೇ.

ಒಂದಿನ ಜೇವರ್ಗಿ ಬರೀತಿದ್ದೆವು.
ಅವರಿಗೆ ಕನ್ನಡ ಬರೀಲಿಕ್ಕ ಬರ್ತದ, ಓದಲಿಕ್ಕ ಬರಂಗಿಲ್ಲ;
ಊರೂರಿನ ಆಕಾರ ಗೊತ್ತು, ಅಷ್ಟ.
ಕಡೀಕ ಬರೋ ಕೊಂಡಿ ತೋರಿಸಿ ಕೇಳಿದರು,
‘ಈ ಬಾಲ ಯಾರದು?’
ಬಾಲ ಅಲ್ಲ ಚಾಚಾ, ಅದು ರ.
ನಾಲಿಗಿ ಮ್ಯಾಲ ‘ಗಿ’ಗಿಂತ ಮೊದಲು ಬರ್ತದ,
ಹಲಗಿ ಮ್ಯಾಲ ‘ಗಿ’ ಆದಮ್ಯಾಲ ಕೂಡ್ತದ.
ಕುಂಚ ಡಬ್ಬಿಯಾಗ ಇಟ್ಟು ಕೆಮ್ಮಿ ಕೆಮ್ಮಿ ನಕ್ಕರು:
‘ಮೂವತ್ತು ವರ್ಷ ಬರೆದೀನಿ, ಒಬ್ಬರೂ ಹೇಳಲಿಲ್ಲ!
ಅಂದ್ರ ಇದು ಸೀನಿಯರ್.
ಹಿಂದ ಕೂಡಿಸ್ಯಾರ.’
ನನಗ ನಗು ಬಂದದ್ದು ತಡವಾಗಿ,
ಸಿಟಿ ಬಸ್ಸಿನಾಗ, ಸೂಪರ್ ಮಾರ್ಕೆಟ್ ದಾಟಿದ ಮ್ಯಾಲ.
ಬಾಜೂಕಿನಾಕಿ ಸರಿದು ಕೂತಳು.

ಪಟ್ಟಿ ಯಾರೂ ತಿದ್ದಲಿಲ್ಲ.
ಅರ್ಜಿ ಮೂರು, ಉತ್ತರ ಒಂದು: ಪರಿಶೀಲನೆಯಲ್ಲಿದೆ.
ಗುಳಿಗಿ ಅರ್ಧಕ್ಕ ಇಳಿದಾವ, ನಿಂತಿಲ್ಲ.

ನಿನ್ನೆ ಸಂಜೀಕ ದೀಪ ಕೆಟ್ಟ ಬಸ್ಸಿನ ಡ್ರೈವರ್ ಓಡಿ ಬಂದ.
ಚಾಚಾ ಕಣ್ಣಿನ ಆಪರೇಷನ್ನಿಗೆ ಹೋಗ್ಯಾರ.
‘ಅಕ್ಕಾರ, ಹತ್ತೇ ನಿಮಿಷ ಅದ.’
ಹಲಗಿ ನಿಲ್ಲಿಸಿದೆ. ಉಸಿರು ಬಿಟ್ಟೆ.
ಜೇ. ವ. ಗಿ.
ಕಡೀಕ ಅದಕ್ಕಂತ ಜಾಗ ಬಿಟ್ಟಿದ್ದೆ,
ಬೇಕಂತಲೇ ಒಂಚೂರು ಜಾಸ್ತಿ.

ಬಣ್ಣ ಒಣಗೋದ್ರೊಳಗ ಬಸ್ಸು ಹೊಂಟುಬಿಟ್ಟಿತು.
ಫರಹತಾಬಾದ ದಾಟೋದ್ರಾಗ
ಧೂಳು ಮೆತ್ತಿರಬೇಕು ಹಸಿ ಅಕ್ಷರಕ್ಕ.
ಮೆತ್ತಲಿ.

ಮೈಕಿನ ಗುಂಡಿ ಒತ್ತಿದೆ, ಅದರ ಮ್ಯಾಲ ಕರಿ ಬೆರಳಚ್ಚು.
‘ಜೇವರ್ಗಿ ಕಡೆ ಹೋಗುವ ಬಸ್ಸು’ ಅಂದೆ,
ರ ಹತ್ತಿರ ಒಂದು ಗಳಿಗಿ ನಿಂತು.
ಯಾರಿಗೂ ಗೊತ್ತಾಗಲಿಲ್ಲ;
ಬಸ್ಸು ಆಗಲೇ ಹೋಗಿತ್ತು.