ಸೀರೆಯ ಕೆಳಗೆ ಶೂ

ಡಿಲ್ಲಿಗೆ ಹೋಗೋರ ಪಟ್ಟಿಯಲ್ಲಿ
ನಮ್ಮ ಕ್ಯೂರಿಂಗ್‌ನಿಂದ ನನ್ನ ಹೆಸರು ಅಂದದ್ದೇ ತಡ
ಕಾಫಿ ಬೀಜ ಆರಿಸುವ ಸಾಲಿನ ನಲವತ್ತು ಹೆಂಗಸರೂ
ನನ್ನ ಬ್ಯಾಗು ತುಂಬಿಸಲು ಶುರು ಮಾಡಿದರು.

ಬ್ಯಾಗೇ ಇನ್ನೂ ಇರಲಿಲ್ಲ.

'ನಮ್ಮ ಗಿರಿ ಮೇಲಿನ ಚಳಿ ಅಲ್ಲ ಕಣೇ ಅದು,
ಮೂಳೆಯೊಳಗೆ ಹೋಗಿ ಬಾಗಿಲು ಹಾಕ್ಕೊಳ್ಳತ್ತೆ'
ಅಂದಳು ಲೂರ್ದಮ್ಮ. ಅವಳು ಡಿಲ್ಲಿ ಕಂಡವಳಲ್ಲ,
ಮೈದುನ ಮಿಲಿಟರಿಯಲ್ಲಿದ್ದ.
ತಾನೇ ಹೆಣೆದ ಕಂದು ಸ್ವೆಟರು ತಂದಿಟ್ಟಳು,
'ತೋಳು ಒಂಚೂರು ಗಿಡ್ಡ, ಉಲ್ಲನ್ನು ಸಾಲಲಿಲ್ಲ.'
ಸರ ಬಿಚ್ಚಿಟ್ಟು ಹೋಗು ಅಂದಳು ಖೈರುನ್ನೀಸಾ.
ಬೋಳು ಕತ್ತಲ್ಲಿ ಹೋದರೆ ಯಾರು ಲೆಕ್ಕಕ್ಕಿಡ್ತಾರೆ
ಅಂದಳು ತುಂಗಕ್ಕ.
ಎಂ.ಜಿ. ರೋಡಿನಲ್ಲಿ ಅರವತ್ತು ರೂಪಾಯಿಗೆ
ರೋಲ್ಡ್‌ಗೋಲ್ಡಿನ ಸರ ಕೊಂಡೆ.
'ಒಂದು ವಾರ ಬಣ್ಣ ಗ್ಯಾರಂಟಿ' ಅಂದ ಹುಡುಗ.
ನನಗೂ ಬೇಕಿದ್ದದ್ದು ಒಂದೇ ವಾರ.

ರಾತ್ರಿ ಚಾಪೆ ತುಂಬ ಹರಡಿಕೊಂಡು ಕೂತೆ.
ಹದಿನೇಳು ವರ್ಷದ ಅಭ್ಯಾಸ, ಕೈ ತಾನೇ ಬೇರೆ ಮಾಡಿತು:
ಕಪ್ಪಾದದ್ದು ಇತ್ತ, ಒಡಕು ಅತ್ತ,
ಹುಳ ಹಿಡಿದದ್ದು ಕೆಳಗೆ.
ಅಂಚು ಎಳೆ ಬಿಟ್ಟ ನೈಲಾನು, ಅದು ರೈಲಿಗೆ.
ಮಗಳ ನಾಮಕರಣದ ರೇಷ್ಮೆ
ಬೇಡ.
ಮತ್ತೆ ತೆಗೆದೆ. ಮತ್ತೆ ಇಟ್ಟೆ.
ಕೂಲಿ ಹೆಚ್ಚಿಸಿ ಅಂತ ಕೇಳಹೊರಟವಳು
ರೇಷ್ಮೆ ಉಟ್ಟರೆ ನಂಬುತ್ತಾರಾ?
ಹರಕು ಉಟ್ಟರೆ ಕೂರಿಸುತ್ತಾರಾ?
ಇದು ಯಾವ ಗ್ರೇಡು ಅಂತ
ಯಾವ ಸೂಪರ್‌ವೈಸರೂ ಹೇಳಿಕೊಟ್ಟಿಲ್ಲ.

ಲಂಗಕ್ಕೆ ಒಳಜೇಬು ಹೊಲಿದೆ, ಜಿಪ್ಪು ಸಮೇತ:
ಎರಡು ಸಾವಿರ, ಆಧಾರಿನ ಜೆರಾಕ್ಸು, ಶುಗರಿನ ಮಾತ್ರೆ.
ಹೊಲಿದ ಮೇಲೆ ಹೊಳೆಯಿತು,
ಹತ್ತು ರೂಪಾಯಿ ಟೀ ಕುಡಿಯಲೂ
ಸೀರೆ ಮಂಡಿಗೆ ಎತ್ತಬೇಕು.
ಬಿಚ್ಚಿ ಸೊಂಟದ ಹತ್ತಿರ ಹೊಲಿದೆ.

ನಾದಿನಿಯ ಮಗಳು ವರ್ಷಿಣಿ ತನ್ನ ಶೂ ತಂದಳು,
ನೀಲಿ, ಪಕ್ಕದಲ್ಲಿ ಗುಲಾಬಿ ಗೀಟು.
'ಅಲ್ಲಿ ಮೆಟ್ಟಿಲುಗಳೇ ಓಡ್ತವೆ ಅತ್ತೆ,
ಹವಾಯಿ ಚಪ್ಪಲಿ ಸಿಕ್ಕಿಕೊಂಡ್ರೆ ಕಥೆ ಮುಗೀತು.'
ಹಾಕಿದೆ. ಕಾಲುಂಗುರ ಒತ್ತಿ ಪ್ರಾಣ ಹಿಂಡಿತು.
ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.
ಏನೂ ಅನ್ನಲಿಲ್ಲ.
ಒಳಗೆ ಹೋಗಿ ಸೋಪು ತಂದುಕೊಟ್ಟರು.
ನೊರೆಯಲ್ಲಿ ಇಪ್ಪತ್ತೆರಡು ವರ್ಷ ಜಾರಿ
ಅಂಗೈಗೆ ಬಂತು, ಬಾಗಿಕೊಂಡು.
ಅದೂ ಜೇಬಿಗೆ.

ಆಮೇಲೆ ಮೂರು ರಾತ್ರಿ ಶಂಕರಪುರದ ಬೀದಿಯಲ್ಲಿ
ನಡೆಯೋದು ಕಲಿತೆ. ಪರಿಚಯದ ನಾಯಿಗಳೇ
ನನ್ನ ಸದ್ದು ಗುರುತು ಸಿಗದೆ ಬೊಗಳಿದವು.

ಹೋದೆ. ಬಂದೆ.

ಸೋಮವಾರ ರಾಶಿಯ ಮುಂದೆ ಕೂತ ಕೂಡಲೇ
ಹೇಳು ಹೇಳು ಅಂದರು ಎಲ್ಲರೂ.
ಸರ ಕಡೂರು ದಾಟುವ ಮುಂಚೆಯೇ ಹಸಿರಾಯಿತು ಅಂದೆ.
ಚಟ್ನಿಪುಡಿ ಸೋರಿ ರೇಷ್ಮೆ ಹಾಳಾಯಿತು,
ಹೌದು, ಕೊನೆಗೂ ಒಯ್ದಿದ್ದೆ.
ಓಡುವ ಮೆಟ್ಟಿಲು ಆವತ್ತು ಕೆಟ್ಟು ನಿಂತಿತ್ತು,
ಹತ್ತಿಯೇ ಹೋದೆವು.
ಎರಡು ದಿನ ಬೀದಿಯಲ್ಲಿ ಕೂತಾಗ
ನನ್ನ ಸೀರೆ ಯಾರೂ ನೋಡಲಿಲ್ಲ.
ಪಕ್ಕದಲ್ಲಿ ಅಸ್ಸಾಮಿನ ಟೀ ತೋಟದವಳೊಬ್ಬಳು,
ಭಾಷೆ ಎಳ್ಳಷ್ಟೂ ಬರದು,
ನನ್ನ ಕಾಲು ನೋಡಿ ಕಿಸಕ್ಕೆಂದಳು.
ನಾನು ಮುದುಡಿಕೊಳ್ಳುವಷ್ಟರಲ್ಲಿ
ತನ್ನ ಸೀರೆ ಗೇಣುದ್ದ ಎತ್ತಿ ತೋರಿಸಿದಳು:
ಗಂಡಸರ ಕರಿ ಬೂಟು, ಲೇಸಿನ ಬದಲು ಗೋಣಿದಾರ.

'ಸ್ವೆಟರು?' ಅಂದಳು ಲೂರ್ದಮ್ಮ.

ಬೀಜ ಆರಿಸುತ್ತ, ಕತ್ತೆತ್ತದೆ ಹೇಳಿದೆ:
ಅವಳ ಮೈಮೇಲೆ ಶಾಲೂ ಇರಲಿಲ್ಲ,
ನಿನ್ನ ಸ್ವೆಟರು ಈಗ ಅಸ್ಸಾಮಲ್ಲಿದೆ.

ಲೂರ್ದಮ್ಮನ ಕೈ ರಾಶಿಯಲ್ಲೇ ನಿಂತಿತು.
ನಲವತ್ತು ಜನರಲ್ಲಿ ಯಾರೂ ಉಸಿರೆತ್ತಲಿಲ್ಲ.

'ತೋಳು,' ಅಂದಳು,
'ತೋಳು ಸರಿಹೋಯ್ತಾ ಅವಳಿಗೆ?'