ಒರೆ

ಜೆ.ಸಿ. ರಸ್ತೆ. ಶನಿವಾರ ಮಧ್ಯಾಹ್ನ.
ಮುನವ್ವರ್ ಸಾಬರ ಅಂಗಡಿಯಲ್ಲಿ ಮೂವರು ನಿಂತರೆ
ನಾಲ್ಕನೆಯವನು ಫುಟ್‌ಪಾತಿಗೆ.
ಗಾಜಿನ ಮೇಲೆ ನಾಲ್ಕು ಡಬ್ಬ ಬಿಚ್ಚಿಟ್ಟರು,
ಮದುವೆಗೆಂದು ಬಂದವರ ಮುಂದೆ ಸೀರೆ ಹರವಿದಂತೆ.
"ಹೇಳಿ ಆಚಾರ್ರೇ, ಊರಿಗೋ ಟ್ರ್ಯಾಕಿಗೋ?"

ಎರಡಕ್ಕೂ, ಅಂದೆ.

ಸಾಬರ ನಗುವಿಗೂ ಒಂದು ಬ್ರೇಕಿದೆ, ಅರ್ಧಕ್ಕೇ ನಿಲ್ಲುತ್ತದೆ.
"ಬೆಳಗಿನ ಚಳೀಲೂ ಹಿಡೀಬೇಕು,
ಐನೂರು ಡಿಗ್ರೀಲೂ ಹಿಡೀಬೇಕು,
ಕಿರುಚಬಾರದು, ಡಿಸ್ಕು ತಿನ್ನಬಾರದು,
ಚಕ್ರಕ್ಕೆ ಮಸಿ ಬಳೀಬಾರದು, ರೇಟೂ ಕಮ್ಮಿ.
ಅಂಥವನು ಸಿಕ್ಕಿದ್ರೆ
ಅಳಿಯನ್ನೇ ಮಾಡ್ಕೊಳ್ತಿದ್ದೆ, ಸ್ವಾಮಿ."

ನನ್ನದು ಒರೆ ಹಚ್ಚುವ ಕೆಲಸ.
ಅವೆನ್ಯೂ ರಸ್ತೆಯ ಬ್ಯಾಂಕಿನ ಮೂಲೆಯಲ್ಲಿ
ಇಪ್ಪತ್ತೆರಡು ವರ್ಷ, ಒಂದೇ ಕರಿಕಲ್ಲು.
ಆಗಷ್ಟೇ ಕಿವಿಯಿಂದ ಬಿಚ್ಚಿದ, ಇನ್ನೂ ಬೆಚ್ಚಗಿರುವ ಓಲೆ,
ಯಾರದೋ ಅಜ್ಜಿಯ ಸವೆದ ಬಳೆ:
ಉಜ್ಜದೆ ಯಾವುದೂ ನಿಜ ಹೇಳಿದ್ದಿಲ್ಲ.
ಈ ಪ್ಯಾಡುಗಳ ಮೇಲೂ ಬೆರಳಾಡಿಸಿದೆ.
ಒರಟು. ಕೊಂಚ ಕಬ್ಬಿಣದ ವಾಸನೆ. ಅಷ್ಟೆ.

ಹಳದಿ ಡಬ್ಬದ್ದು ನನಗೆ ಗೊತ್ತು.
ಹೋದ ಮಾಗಿಯಲ್ಲಿ, ಕೃಷ್ಣಗಿರಿ ದಾಟಿ ಹೋಗಿ
ಭಾನುವಾರವಿಡೀ ಅದರ ಮೇಲೆ ಓಡಿಸಿದ್ದೆ.
ಎಷ್ಟು ಕಾದರೆ ಅಷ್ಟು ಕಚ್ಚುತ್ತಿತ್ತು, ಹಸಿದ ನಾಯಿ.
ರಾತ್ರಿ ಬಿಚ್ಚಲು ಸೋಮಾರಿತನ.
ಸೋಮವಾರ ಆರೂವರೆ, ಮಿನರ್ವ ಸರ್ಕಲ್ಲು,
ಕೆಂಪು ದೀಪ, ಕಾಲಿಟ್ಟೆ.
ತಣ್ಣಗಿದ್ದ ಪ್ಯಾಡಿಗೆ ನನ್ನ ಪರಿಚಯವೇ ಇಲ್ಲ.
ಸುಗಂಧರಾಜದ ಬುಟ್ಟಿ ಹೊತ್ತವಳು ದಾಟುತ್ತಿದ್ದಳು.
ಒಂದು ಗೇಣು.
ಅವಳು ಇತ್ತ ತಿರುಗಿ ಕೂಡ ನೋಡಲಿಲ್ಲ.
ಪಕ್ಕದಲ್ಲಿ ಸರ್ವಮಂಗಳಾ ಮೊಬೈಲಿನಲ್ಲಿ
ಬ್ಲೌಸಿನ ಅಳತೆ ಓದುತ್ತಿದ್ದಳು.
ಇವತ್ತಿನವರೆಗೆ ನಾನು ಹೇಳಿಲ್ಲ.

ಅದಕ್ಕೂ ಮುಂಚೆ, ಕಂಪನಿ ಪ್ಯಾಡಿದ್ದಾಗ,
ಮೂರನೇ ಸುತ್ತಿನ ಉದ್ದ ನೇರದ ಕೊನೆಯಲ್ಲಿ
ಪೆಡಲು ಸುಮ್ಮನೆ ಒಳಗಿಳಿಯಿತು.
ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆಯೆಂದು ಇಟ್ಟ ಕಾಲಿಗೆ
ಆಗುತ್ತದಲ್ಲ, ಹಾಗೆ.
ಆಮೇಲೆ ಜಲ್ಲಿ, ಧೂಳು, ನನ್ನ ಉಸಿರಿನದೇ ಸದ್ದು.

"ಎರಡು ಸೆಟ್ಟು ಇಟ್ಕೊಳ್ಳಿ, ಬದಲಾಯಿಸ್ತಾ ಇರಿ," ಅಂದರು ಸಾಬರು.
ನನ್ನ ಸೋಮಾರಿತನ ನನಗೆ ಗೊತ್ತು.
ಗಿರವಿಗೆ ಬರುವವರ ಮುಖ ಓದಿ ಓದಿ
ಸ್ವಂತ ಮುಖವನ್ನೂ ಸ್ವಲ್ಪ ಓದಬಲ್ಲೆ.
ಬೂದು ಡಬ್ಬ ಮುಂದೆಳೆದುಕೊಂಡೆ.
ಮೊದಲ ಮುಟ್ಟಿಗೇ ಹಿಡಿಯುವುದು,
ಬಿಸಿಯನ್ನು ಒಂದು ಮಟ್ಟಕ್ಕೆ ತಾಳುವುದು.
ಇನ್ನು ನೂರರ ಬೋರ್ಡಿನಲ್ಲಿ ಅಲ್ಲ,
ನೂರೈವತ್ತರಲ್ಲೇ ಕಾಲಿಡಬೇಕು,
ಐದು ಸುತ್ತಿಗೊಮ್ಮೆ ಒಳಬಂದು ಆರಲು ಬಿಡಬೇಕು.
ಸುತ್ತಿಗೆ ಎರಡು ಸೆಕೆಂಡು ಹೋಗುತ್ತದೆ.
ಹೋಗಲಿ ಅಂದೆ. ಹೊಟ್ಟೆ ಉರಿಯಿತು, ಸುಳ್ಳೇಕೆ.

"ಪಳಗಿಸೋದು ಮರೀಬೇಡಿ," ಎಂದು
ಚಿಲ್ಲರೆಯ ಜೊತೆ ಕೈಗಿಟ್ಟರು ಮಾತನ್ನೂ.

ರಾತ್ರಿ ಒಂದೂವರೆ, ಕನಕಪುರ ರಸ್ತೆ ಖಾಲಿ.
ಎಂಬತ್ತಕ್ಕೆ ಏರಿಸು, ಇಪ್ಪತ್ತಕ್ಕೆ ಇಳಿಸು, ಪೂರ್ತಿ ನಿಲ್ಲಬೇಡ.
ಹತ್ತು ಸಲ.
ಆರನೆಯದಕ್ಕೆ ಸುಟ್ಟ ವಾಸನೆ,
ಎಂಟಕ್ಕೆ ಪೆಡಲಿನಡಿ ಏನೋ ಗಟ್ಟಿಯಾಯಿತು.
ನಿಲ್ಲಿಸಲೆಂದೇ ಮಾಡಿದ್ದಕ್ಕೆ
ನಿಲ್ಲಬೇಡ ಎಂಬುದೇ ಮೊದಲ ಪಾಠ.

ಆರಿದ ಮೇಲೆ ಟಾರ್ಚು ಹಿಡಿದು ಕೂತು ನೋಡಿದೆ.
ಡಿಸ್ಕಿನ ಮೇಲೆ ತೆಳ್ಳನೆ ಬೂದು ಲೇಪ,
ಪ್ಯಾಡು ತನ್ನನ್ನೇ ಒಂದಿಷ್ಟು ಬಿಟ್ಟು ಹೋಗಿದೆ,
ಕರಿಕಲ್ಲಿನ ಮೇಲೆ ಓಲೆ ಬಿಡುವಷ್ಟೇ.
ಅಭ್ಯಾಸಬಲ, ಕೈ ಜೇಬಿಗೆ ಹೋಯಿತು,
ಆಸಿಡ್ಡಿನ ಪುಟ್ಟ ಸೀಸೆ ಹುಡುಕುತ್ತ.

ತೀರ್ಥಕೆರೆಯ ಕಡೆಯಿಂದ ಹಾಲಿನ ಗಾಡಿಯೊಂದು ಬಂತು.
ಡ್ರೈವರು ಕೂಗಿದ: "ಏನ್ ಸಾರ್, ಬ್ರೇಕ್ ಫೇಲಾ?"
ಇನ್ನೂ ಇಲ್ಲ, ಅಂದೆ.